ಎಣಿಕೆಯ ಭಾಷೆ, ಬಳಕೆಯ ಭಾಷೆ: ಒಮಾನಿನ ನೆಪದಲ್ಲಿ ಉಡುಪಿಯ ಭಾಷಾಸ್ಥಿತಿಯ ಒಂದು ವಿವೇಚನೆ

2011ರ ಜನಗಣತಿಯು ಭಾರತದಲ್ಲಿ 121 ಭಾಷೆಗಳನ್ನು ಪಟ್ಟಿ ಮಾಡಿದೆ: ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ 22, ಅದರ ಹೊರಗಿನ 99. ಈ ತೊಂಬತ್ತೊಂಬತ್ತರಲ್ಲಿ ಅರಬ್ಬಿ ಇದೆ, ಕೊರಗ ಭಾಷೆ ಇಲ್ಲ. ಉಡುಪಿಯ ಆಸುಪಾಸಿನಲ್ಲಿ ಹುಟ್ಟಿ ಬೆಳೆದ ನುಡಿಯೊಂದು ಕಾಣಿಸದ ಪಟ್ಟಿಯಲ್ಲಿ ಸಮುದ್ರದಾಚೆಯ ನುಡಿ ಕಾಣಿಸುತ್ತದೆ. ಇದನ್ನು ಗಣತಿದಾರರ ಅಲಕ್ಷ್ಯವೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ದೇಶದಲ್ಲಿ ಹತ್ತು ಸಾವಿರಕ್ಕಿಂತ ಕಡಿಮೆ ಮಂದಿ ಹೇಳಿದ ತಾಯ್ನುಡಿಗಳನ್ನು ಬೇರೆಯಾಗಿ ಪ್ರಕಟಿಸದೆ ‘ಇತರ’ ಎಂಬಲ್ಲಿ ಸೇರಿಸುವುದು ಗಣತಿಯ ನಿಯಮ. ಅದಕ್ಕೂ ಮುಂಚೆ, ಕೇಳಿದ ಪ್ರಶ್ನೆಯೇ ಉತ್ತರವನ್ನು ಒಂದು ಹೆಸರಿಗೆ ಇಳಿಸಿರುತ್ತದೆ. ಈ ಭಾಗದ ಭಾಷಾವೈವಿಧ್ಯವನ್ನು ಹೆಸರುಗಳ ಎಣಿಕೆಯಿಂದ ಹಿಡಿಯಲಾಗದು, ಯಾರೊಡನೆ ಎಲ್ಲಿ ಯಾವ ನುಡಿ ಎಂಬ ಹಂಚಿಕೆಯಿಂದ ಮಾತ್ರ ಹಿಡಿಯಬಹುದು ಎಂಬುದು ಪ್ರಸ್ತುತ ಲೇಖನದ ವಾದ.

ಹೋಲಿಕೆಗೆ ಒಮಾನನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಅದು ಅರಬ್ಬಿ ದೇಶ. ಅರಬ್ಬಿಯೇ ರಾಜಭಾಷೆಯೆಂದು ಅಲ್ಲಿನ ಮೂಲ ಶಾಸನ ಹೇಳುತ್ತದೆ. ಕರಾವಳಿಯಿಂದ ಮಸ್ಕತ್ತಿಗೆ ದುಡಿಯಲು ಹೋದವರೂ ಅದನ್ನು ಹಾಗೆಯೇ ಕಂಡಿದ್ದಾರೆ. ಆದರೆ ಧೋಫಾರ್ ಮತ್ತು ಅದರ ನೆರೆಯ ಮರುಭೂಮಿಯಲ್ಲಿ ಮೆಹ್ರಿ, ಜಿಬ್ಬಾಲಿ, ಹರ್ಸೂಸಿ, ಹೋಬ್ಯೋತ್, ಬಥರಿ ಭಾಷೆಗಳಿವೆ. ಇವು ಸೆಮಿಟಿಕ್ ಭಾಷೆಗಳೇ ಹೌದು, ಆದರೆ ಅರಬ್ಬಿಯಿಂದ ಒಡೆದು ಬಂದ ಉಪಭಾಷೆಗಳಲ್ಲ. ಆಧುನಿಕ ದಕ್ಷಿಣ ಅರೇಬಿಯನ್ ಎಂಬ ಬೇರೆ ಗುಂಪಿಗೆ ಸೇರಿದವು. ಮುಸಂದಮ್ ಪರ್ಯಾಯ ದ್ವೀಪದ ಕುಮ್ಜಾರಿ ಇರಾನಿ ಕುಲದ್ದು, ಮತ್ರಾದ ಲವಾತಿ ಸಿಂಧಿಗೆ ಹತ್ತಿರದ್ದು. ಬಲೂಚಿ ಇದೆ, ಜಂಜಿಬಾರಿನಿಂದ ಮರಳಿದ ಮನೆತನಗಳಲ್ಲಿ ಸ್ವಾಹಿಲಿ ಇದೆ. ಇಷ್ಟಿದ್ದೂ ಮೆಹ್ರಿಯಂಥ ಸೋದರ ಭಾಷೆಯನ್ನು ಜನ ‘ಲಹ್ಜಾ’, ಅಂದರೆ ಆಡುಮಾತಿನ ಒಂದು ಬಗೆ, ಎಂದೇ ಕರೆಯುವುದುಂಟು. ಬರವಣಿಗೆಯ ಭಾಷೆಗೆ ಮಾತ್ರ ಭಾಷೆಯ ಹೆಸರು ಸಲ್ಲುವಲ್ಲಿ ಹೀಗಾಗುತ್ತದೆ. ತುಳುವನ್ನು ಕನ್ನಡದ ಉಪಭಾಷೆಯೆಂದು ಹೇಳುವುದನ್ನು ಕೇಳಿರುವ ನಮಗೆ ಇದು ಹೊಸದಲ್ಲ.

ಈಗ ಉಡುಪಿಗೆ ಬರೋಣ. ಬನ್ನಂಜೆಯ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ನಾಲ್ಕೈದು ಭಾಷೆಗಳು ಕಿವಿಗೆ ಬೀಳುತ್ತವೆ, ಆದರೆ ಫಲಕಗಳಲ್ಲಿ ಕಾಣುವುದು ಕನ್ನಡ ಮತ್ತು ಇಂಗ್ಲಿಷ್ ಮಾತ್ರ. ತುಳು ಚಂದ್ರಗಿರಿ ಮತ್ತು ಕಲ್ಯಾಣಪುರ ನದಿಗಳ ನಡುವಿನ ಭಾಷೆಯೆಂದು ಕಾಲ್ಡ್‌ವೆಲ್ ಬರೆದ. ಬನ್ನಂಜೆ ಈ ಎರಡನೆಯ ನದಿಯ ತೆಂಕು ದಡದ ಕಡೆಗಿದೆ. ಆದರೆ ನದಿ ದಾಟಿದೊಡನೆ ತುಳು ನಿಲ್ಲುವುದಿಲ್ಲ. ಬ್ರಹ್ಮಾವರ, ಬಾರಕೂರುಗಳ ಕಡೆ ತುಳು ಮತ್ತು ಕನ್ನಡ ಹೆಣೆದುಕೊಂಡಿದ್ದು, ಬಡಗಿಗೆ ಹೋದಂತೆ ಕುಂದಾಪುರದ ಕನ್ನಡ ಮೇಲುಗೈ ಪಡೆಯುತ್ತದೆ. ಇದನ್ನು ಶಿಷ್ಟ ಕನ್ನಡದ ಅಪಭ್ರಷ್ಟ ರೂಪವೆಂದು ತಿಳಿಯುವವರು ‘ಬಪ್ಪುದು’, ‘ಹೋಪುದು’ ಎಂಬ ಎರಡು ರೂಪಗಳನ್ನು ನೋಡಿದರೆ ಸಾಕು. ಹಳಗನ್ನಡದ ‘ಬರ್ಪ’, ‘ಪೋಪ’ಗಳಲ್ಲಿದ್ದ ಪಕಾರವನ್ನು ಶಿಷ್ಟ ಕನ್ನಡ ‘ಬರುವುದು’, ‘ಹೋಗುವುದು’ ಎಂದು ಕಳೆದುಕೊಂಡಿದೆ. ಕುಂದಾಪುರದ ಬಾಯಲ್ಲಿ, ಹವ್ಯಕರ ಬಾಯಲ್ಲಿಯೂ, ಅದು ಉಳಿದಿದೆ.

ತುಳುವಿನ ಒಳಗೂ ಇಂಥದೇ ಒಡಕುಗಳಿವೆ. ಬಾಳೆಗೆ ಶಿವಳ್ಳಿ ಬ್ರಾಹ್ಮಣರ ತುಳುವಿನಲ್ಲಿ ‘ಬಾಳೆ’ ಎಂದೇ ಹೆಸರು. ಸಾಮಾನ್ಯ ತುಳುವಿನಲ್ಲಿ ಅದು ‘ಬಾರೆ’. ಮೂಲದ್ರಾವಿಡದ ೞಕಾರ ಒಂದೆಡೆ ಳ, ಇನ್ನೊಂದೆಡೆ ರ ಆಗಿದೆ. ಊರು ಒಂದೇ ಆದರೂ ಧ್ವನಿಬದಲಾವಣೆಯ ದಾರಿ ಜಾತಿಯ ಗೆರೆಯನ್ನು ಹಿಡಿದಿದೆ. ಕೊಂಕಣಿಯಲ್ಲಿ ‘ಏನು’ ಎಂಬುದನ್ನು ಕೆಥೊಲಿಕರು ‘ಕಿತೆಂ’ ಎಂದರೆ ಗೌಡ ಸಾರಸ್ವತರು ‘ಕಸಲೆಂ’ ಎನ್ನುತ್ತಾರೆ. ಕುಡುಬಿಯರ ಕೊಂಕಣಿ ಮತ್ತೂ ಬೇರೆ. ಭಟ್ಕಳದಿಂದ ಶಿರೂರು, ಬೈಂದೂರು, ಗಂಗೊಳ್ಳಿಗಳವರೆಗೆ ಕೇಳಿಬರುವ ನವಾಯತಿಯು ಕೊಂಕಣಿಯ ಒಡಲಿಗೆ ಅರಬ್ಬಿ, ಪಾರ್ಸಿ ಪದಗಳನ್ನು ತುಂಬಿಕೊಂಡು ಅರಬ್ಬಿ ಮೂಲದ ಲಿಪಿಯನ್ನು ಹಿಡಿದಿದೆ. ಬ್ಯಾರಿಯ ಒಡಲು ಮಲಯಾಳಕ್ಕೆ ಹತ್ತಿರ, ತುಳುವಿನ ಪ್ರಭಾವ ದಟ್ಟ. ತಟ್ಟೆಗೆ ಅದು ಹೇಳುವ ‘ಸಾನ್’ ಅರಬ್ಬಿಯ ‘ಸಹ್ನ್’. ಹೀಗೆ ಅರಬ್ಬಿ ಅಡುಗೆಮನೆಯವರೆಗೂ ಬಂದಿದೆ, ಮತಗ್ರಂಥದ ದಾರಿಯೊಂದರಿಂದಲೇ ಬಂದುದಲ್ಲ. ಬ್ಯಾರಿಗೆ 2007ರಿಂದ ಸರ್ಕಾರಿ ಅಕಾಡೆಮಿಯಿದೆ. ಆದರೂ ಆ 121ರಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವಿಲ್ಲ.

ಫರ್ಗ್ಯುಸನ್ 1959ರಲ್ಲಿ ಡೈಗ್ಲಾಸಿಯಾ ಎಂಬ ಪರಿಕಲ್ಪನೆಯನ್ನು ವಿವರಿಸುವಾಗ ತೆಗೆದುಕೊಂಡ ನಾಲ್ಕು ನಿದರ್ಶನಗಳಲ್ಲಿ ಅರಬ್ಬಿಯೂ ಒಂದು: ಬರಹಕ್ಕೂ ಪ್ರವಚನಕ್ಕೂ ಮೇಲುಸ್ತರದ ರೂಪ, ಮನೆಗೂ ಮಾರುಕಟ್ಟೆಗೂ ಕೆಳಸ್ತರದ ರೂಪ. ಫಿಶ್‌ಮನ್ ಇದನ್ನು ಬೇರೆ ಬೇರೆ ಭಾಷೆಗಳ ನಡುವಿನ ಸಂಬಂಧಕ್ಕೂ ವಿಸ್ತರಿಸಿದ ಮೇಲೆ, ಉಡುಪಿಯಲ್ಲಿ ಕನ್ನಡ ಮೇಲು, ತುಳು ಕೆಳಗು ಎಂದು ಬರೆದುಬಿಡುವುದು ಸಲೀಸಾಯಿತು. ಉದ್ಯಾವರದ ಆಳುಪ ಶಾಸನಗಳಿಂದ ಇಂದಿನ ಪಹಣಿಯವರೆಗೆ ಬರಹ ಬಹುಮಟ್ಟಿಗೆ ಕನ್ನಡದಲ್ಲೇ ಇರುವುದರಿಂದ ಅದು ಮೇಲ್ನೋಟಕ್ಕೆ ಒಪ್ಪುವಂತೆಯೂ ಇದೆ. ಆದರೆ ಭೂತಕೋಲದಲ್ಲಿ ದೈವ ನುಡಿ ಕೊಡುವುದು ತುಳುವಿನಲ್ಲಿ, ಪಾಡ್ದನ ತುಳುವಿನದು. ಅಲ್ಲಿ ಬಳಕೆಯಾಗುವ ತುಳು ಮನೆಮಾತಿನ ತುಳುವಲ್ಲ. ಗಾಂಭೀರ್ಯವುಳ್ಳ, ಕಲಿತು ಪಡೆಯಬೇಕಾದ ರೂಪ. ಅತ್ಯಂತ ಪವಿತ್ರವೆನಿಸಿದ ಸಂದರ್ಭವೊಂದು ಬರಹವಿಲ್ಲದ ಭಾಷಾರೂಪದ ವಶದಲ್ಲಿರುವಾಗ ‘ಕೆಳಸ್ತರ’ ಎಂಬ ಮಾತಿಗೆ ಅರ್ಥ ಉಳಿಯದು. ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988–97ರ ನಡುವೆ ಆರು ಸಂಪುಟಗಳಲ್ಲಿ ಬಂದ, ಯು. ಪಿ. ಉಪಾಧ್ಯಾಯರು ಸಂಪಾದಿಸಿದ ತುಳು ನಿಘಂಟು ಈ ಮೌಖಿಕ ಭಂಡಾರವನ್ನು ನೆಚ್ಚಿಕೊಂಡೇ ಬೆಳೆಯಿತು.

ಹಂಚಿಕೆಯಲ್ಲಿ ಪಾಲೇ ಸಿಗದ ಭಾಷೆ ಕೊರಗರದು. ಡಿ. ಎನ್. ಶಂಕರ ಭಟ್ಟರು 1971ರ ತಮ್ಮ ಕೃತಿಯಲ್ಲಿ ಉಡುಪಿ, ಹೆಬ್ರಿ, ಕುಂದಾಪುರಗಳ ಸುತ್ತಿನ ಒಂಟಿ, ತಪ್ಪು, ಮುಡು ಎಂಬ ಪ್ರಭೇದಗಳನ್ನು ಗುರುತಿಸಿ, ಕುಡುಖ್, ಮಾಲ್ತೊ, ಬ್ರಾಹುಈಗಳಂಥ ಉತ್ತರ ದ್ರಾವಿಡ ಭಾಷೆಗಳೊಡನೆ ಇದಕ್ಕಿರುವ ಹೋಲಿಕೆಗಳತ್ತ ಗಮನ ಸೆಳೆದರು. ಈ ಹೋಲಿಕೆ ನಿಂತರೆ ದ್ರಾವಿಡ ಭಾಷೆಗಳ ವಂಶವೃಕ್ಷವನ್ನೇ ಬೇರೆ ಬಗೆಯಲ್ಲಿ ಬರೆಯಬೇಕಾಗುತ್ತದೆ. ಬಿದ್ದರೆ ಯಾಕೆ ಬಿತ್ತೆಂದು ತೋರಿಸಲಿಕ್ಕೂ ಸಾಮಗ್ರಿ ಬೇಕು. ಸಾಮಗ್ರಿ ಇರುವುದು ಆಡುವವರ ಬಳಿ. ಆದರೆ ಈ ಭಾಷೆ ತನ್ನವರ ನಡುವೆ ಮಾತ್ರ ಆಡುವಂಥದು. ನೆರೆಯವರೊಡನೆ ಕೊರಗರು ತುಳುವಿಗೋ ಕನ್ನಡಕ್ಕೋ ಹೊರಳುತ್ತಾರೆ. ಹಲವು ಮನೆಗಳಲ್ಲಿ ಆ ಹೊರಳು ಪೂರ್ತಿಯಾಗಿದೆ. ಅಜಲು ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಲು 2000ದ ವರೆಗೆ ಕಾಯಬೇಕಾಗಿ ಬಂದ ಸಮಾಜದಲ್ಲಿ, ಭಾಷೆಯ ಹೆಸರೂ ಜಾತಿಯ ಹೆಸರೂ ಒಂದೇ ಆಗಿರುವವನು ಗಣತಿದಾರನ ಮುಂದೆ ಏನು ಹೇಳಬೇಕು? ‘ತುಳು’ ಎಂದರೆ ಅದು ಸುಳ್ಳಲ್ಲ. ಮಾನ ಕಾಪಾಡಿಕೊಳ್ಳುವ ಉತ್ತರವದು.

ಗಣತಿಯ ಸೂಚನೆಯ ಪ್ರಕಾರ ತಾಯ್ನುಡಿಯೆಂದರೆ ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ನುಡಿ. ಗೊತ್ತಿರುವ ಇತರ ಎರಡು ಭಾಷೆಗಳನ್ನೂ ಬರೆದುಕೊಳ್ಳಲಾಗುತ್ತದೆ. ಅವನ್ನು ಯಾರೊಡನೆ, ಎಲ್ಲಿ ಆಡುತ್ತೀರಿ ಎಂಬ ಕೇಳ್ವಿ ಇಲ್ಲ. 2011ರಲ್ಲಿ ತುಳುವೆಂದು ದಾಖಲಾದ 18,46,427 ಮಂದಿಯಲ್ಲಿ ಎಷ್ಟು ಜನ ಅದನ್ನು ಮಕ್ಕಳೊಡನೆ ಆಡುತ್ತಾರೆ, ಎಷ್ಟು ಜನ ಹಿರಿಯರೊಡನೆ ಮಾತ್ರ ಆಡುತ್ತಾರೆ ಎಂಬುದು ಆ ಅಂಕಿಯಿಂದ ತಿಳಿಯದು. ಕ್ಷೇತ್ರಕಾರ್ಯಕ್ಕೆ ಹೊರಡುವ ಸಂಶೋಧನ ವಿದ್ಯಾರ್ಥಿಗಳು ‘ನಿಮ್ಮ ಭಾಷೆ ಯಾವುದು’ ಎಂಬ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು. ಮೊದಲು ಅಜ್ಜಿಯೊಡನೆ, ಮೊಮ್ಮಗಳೊಡನೆ, ಧಣಿಯೊಡನೆ, ಆಸ್ಪತ್ರೆಯಲ್ಲಿ, ದೈವದ ಮುಂದೆ ಏನಾಡುತ್ತಾರೆಂದು ಕೇಳಿ ಬರೆದುಕೊಳ್ಳಬೇಕು. ಕೊರಗರ ಕೇರಿಯಲ್ಲಾದರೆ ಈ ಪ್ರಶ್ನೆಗಳನ್ನು ಕೇಳುವವರು ಆ ಸಮುದಾಯದವರೇ ಆದ ವಿದ್ಯಾರ್ಥಿಗಳಾಗಿದ್ದರೆ ಉತ್ತರಗಳು ಬೇರೆಯಾಗುತ್ತವೆ ಎಂದು ಈ ಲೇಖಕನ ನಂಬಿಕೆ.