ಗುಡ್ಡದ ಬುಡದ ಗರಸು ದಾರಿಗಳು

ಪುಣೆಗೆ ಒಂದು ಕಾಲಕ್ಕೆ ಸೈಕಲ್ಲುಗಳ ಊರು ಎಂಬ ಹೆಸರಿತ್ತು. ಈಗ ಆ ಮಾತು ಎತ್ತಿದರೆ ನಗು ಬರುತ್ತದೆ. ಬಸ್ಸು, ರಿಕ್ಷಾ, ಸ್ಕೂಟರುಗಳ ನಡುವೆ ರಸ್ತೆಯ ಎಡಕ್ಕೆ ಉಳಿದ ಗೇಣಗಲ ಜಾಗವೇ ಸೈಕಲ್ಲಿನವನ ಪಾಲು. ಹೀಗಾಗಿ ನಮ್ಮ ಕನ್ನಡ ಸಂಘದಲ್ಲಿ ಸೈಕಲ್ ಇಟ್ಟುಕೊಂಡ ಗೆಳೆಯರೆಲ್ಲ ಕೇಳುವುದು ಒಂದೇ ಪ್ರಶ್ನೆ: ರವಿವಾರ ಒಂದು ದಿನವಾದರೂ ಗಾಡಿಗಳ ಕಾಟವಿಲ್ಲದೆ ಎಲ್ಲಿ ಹೋಗಬಹುದು? ಊರ ಪಶ್ಚಿಮಕ್ಕೆ ಸಹ್ಯಾದ್ರಿಯ ಬುಡದಲ್ಲಿ ಮುಳಶಿ, ಮಾವಳ ತಾಲೂಕುಗಳಿವೆ. ಅಲ್ಲಿ ಡಾಂಬರು ಕಾಣದ ದಾರಿಗಳು ಇನ್ನೂ ಸಿಗುತ್ತವೆ. ಅಂಥ ದಾರಿಗಳಲ್ಲಿ ಸೈಕಲ್ಲಿಗೆ ಒಳ್ಳೆಯದು ಯಾವುದು, ಅದು ಉಳಿಯಬೇಕಾದರೆ ಏನಾಗಬೇಕು ಎಂಬುದನ್ನು ತಿಳಿದಷ್ಟು ಹೇಳುತ್ತೇನೆ. ನಾನು ಓದುತ್ತಿರುವುದು ಕಾಮರ್ಸು, ಇಂಜಿನಿಯರಿಂಗ್ ಅಲ್ಲ. ಆದರೂ ಇದರಲ್ಲಿ ಲೆಕ್ಕವೇ ಹೆಚ್ಚು ಇರುವುದರಿಂದ ಧೈರ್ಯ ಮಾಡಿದ್ದೇನೆ.

ಮೊದಲು ಹೆಸರಿನ ವಿಚಾರ. ನಮ್ಮ ವಿಜಾಪುರ, ಧಾರವಾಡದ ಕಡೆ ಗರಸು ಅನ್ನುವುದನ್ನೇ ಇಲ್ಲಿ ಮುರೂಮ್ ಅಂತಾರೆ. ಕಲ್ಲು ಸವೆದು ಮಣ್ಣಾಗುವ ನಡುವಿನ ಸ್ಥಿತಿ ಅದು. ಹಾಸಿ, ನೀರು ಹೊಡೆದು, ರೋಲರ್ ಓಡಿಸಿದರೆ ಗಟ್ಟಿಯಾಗಿ ಕೂಡುತ್ತದೆ. ಖಡಿ ಬೇರೆ, ಅದು ಒಡೆದ ಕಲ್ಲು. ಹೊಸದಾಗಿ ಸುರಿದ ಖಡಿಯ ಮೇಲೆ ಸೈಕಲ್ಲು ಜಾರುತ್ತದೆ. ಕುಳಿತ ಗರಸಿನ ಮೇಲೆ ಜಾರುವುದಿಲ್ಲ, ಸಣ್ಣಗೆ ಚರಚರ ಸದ್ದು ಮಾಡುತ್ತ ಉರುಳುತ್ತದೆ.

ಗರಸಿನ ದಾರಿಯಲ್ಲಿ ತುಳಿಯುವುದು ಕಷ್ಟ ಎಂದು ಬಹಳ ಜನ ತಿಳಿದಿದ್ದಾರೆ. ಲೆಕ್ಕ ಹಾಕಿ ನೋಡೋಣ. ಸವಾರ ಮತ್ತು ಸೈಕಲ್ಲು ಸೇರಿ 80 ಕಿಲೋ ಅಂತ ಇಟ್ಟುಕೊಳ್ಳಿ. ಸಮತಟ್ಟಾದ ಡಾಂಬರಿನ ಮೇಲೆ ಗಾಲಿ ನಿಧಾನಕ್ಕೆ ಉರುಳಲು ಬೇಕಾದ ನೂಕು ಸುಮಾರು ಅರ್ಧ ಕಿಲೋದಷ್ಟು. ಗಟ್ಟಿ ಗರಸಿನಲ್ಲಿ ಅದು ಎರಡು ಪಟ್ಟು, ಅಂದರೆ ಒಂದು ಕಿಲೋ. ಈಗ ಏರು ಸೇರಿಸಿ. ಇಪ್ಪತ್ತು ಅಡಿ ಹೋದರೆ ಒಂದು ಅಡಿ ಏರುವ ಘಾಟಿನಲ್ಲಿ 80 ಕಿಲೋದ ಇಪ್ಪತ್ತನೆಯ ಒಂದು ಪಾಲು, ಅಂದರೆ ನಾಲ್ಕು ಕಿಲೋ ಹೆಚ್ಚುವರಿ ಬೀಳುತ್ತದೆ. ಐವತ್ತಕ್ಕೆ ಒಂದರ ಏರಿನಲ್ಲಿ ಬೀಳುವುದು 1.6 ಕಿಲೋ ಮಾತ್ರ. ಒಟ್ಟು ಕೂಡಿಸಿದರೆ ಕಡಿದಾದ ಡಾಂಬರು ಘಾಟಿಗೆ ನಾಲ್ಕೂವರೆ ಕಿಲೋ, ಸೌಮ್ಯವಾದ ಗರಸು ದಾರಿಗೆ 2.6 ಕಿಲೋ. ಹತ್ತುವ ಎತ್ತರ ಅಷ್ಟೇ ಇರುವುದರಿಂದ ದಾರಿ ಎರಡೂವರೆ ಪಟ್ಟು ಉದ್ದವಾಗುತ್ತದೆ ನಿಜ. ದೊಡ್ಡ ಸಾಲವನ್ನು ಕಂತಿನಲ್ಲಿ ತೀರಿಸಿದ ಹಾಗೆ: ಬಡ್ಡಿ ಹೆಚ್ಚು ಹೋಗುತ್ತದೆ, ಆದರೆ ಕಂತು ನಮ್ಮ ಕೈಗೆ ಎಟಕುತ್ತದೆ. ಅಂದರೆ ಗುಡ್ಡಗಾಡಿನಲ್ಲಿ ನೋಡಬೇಕಾದದ್ದು ದಾರಿಗೆ ಡಾಂಬರು ಇದೆಯೋ ಇಲ್ಲವೋ ಎಂಬುದನ್ನಲ್ಲ, ಏರು ಎಷ್ಟಿದೆ ಎಂಬುದನ್ನು.

ಹಾಗಾದರೆ ಗುಡ್ಡದ ಬುಡದಲ್ಲಿ ಸೌಮ್ಯವಾದ ಏರಿನ ದಾರಿಯನ್ನು ಯಾರು ಮಾಡಿಟ್ಟಿರುತ್ತಾರೆ? ರೈಲಿನವರು ಮತ್ತು ನೀರಾವರಿಯವರು. ಕಡಿದಾದ ಏರು ರೈಲಿಗೆ ಆಗಿಬರುವುದಿಲ್ಲ. ಮುಂಬಯಿಗೆ ಹೋಗುವಾಗ ನಾವು ಇಳಿಯುವ ಬೋರಘಾಟಿನಲ್ಲಿ ಏರು 37ಕ್ಕೆ 1. ನಮ್ಮ ಕ್ಯಾಸಲ್‌ರಾಕ್‌ನಿಂದ ಗೋವೆಯ ಕುಳೆಮ್‌ಗೆ ಇಳಿಯುವ ಘಾಟಿನಲ್ಲೂ ಅಷ್ಟೇ. ಅಷ್ಟಕ್ಕೇ ರೈಲಿಗೆ ಹಿಂದಿನಿಂದ ಇನ್ನೊಂದು ಇಂಜಿನ್ ಹಚ್ಚಿ ನೂಕಬೇಕು. ಕಾಲುವೆಯ ನೀರಂತೂ ಏರುವ ಪ್ರಶ್ನೆಯೇ ಇಲ್ಲ. ಗುಡ್ಡದ ಸೆರಗು ಹಿಡಿದು, ಕಣ್ಣಿಗೆ ಗೊತ್ತಾಗದಷ್ಟು ಇಳಿಜಾರಿನಲ್ಲಿ ಅದು ಹರಿಯುತ್ತದೆ. ಅದರ ದಂಡೆಯ ಮೇಲಿನ ದಾರಿಯೂ ಹಾಗೆಯೇ ಇರುತ್ತದೆ.

ರೈಲಿಗೆಂದು ಮಾಡಿದ ದಾರಿ ಸೈಕಲ್ಲಿಗೆ ದಕ್ಕಿದ ಅತ್ಯುತ್ತಮ ಉದಾಹರಣೆ ಸ್ಪೇನ್ ದೇಶದ ದಕ್ಷಿಣದಲ್ಲಿದೆ. ಅಲ್ಲಿಯ ಆಂದಲೂಸಿಯಾ ಪ್ರಾಂತದಲ್ಲಿ ಗುಡ್ಡಗಳ ಅಂಚು ಹಿಡಿದು 1920ರ ದಶಕದಲ್ಲಿ ಒಂದು ರೈಲು ಮಾರ್ಗ ಕಟ್ಟಲು ಸುರುಮಾಡಿದರು. ಸುರಂಗ ಕೊರೆದರು, ಸೇತುವೆ ಎತ್ತಿದರು, ಸ್ಟೇಶನ್ನುಗಳನ್ನೂ ಕಟ್ಟಿದರು. ಅಷ್ಟರಲ್ಲಿ ಹಣದ ಮುಗ್ಗಟ್ಟು ಬಂತು, 1936ರಿಂದ 1939ರವರೆಗೆ ಅಂತರ್ಯುದ್ಧ ನಡೆಯಿತು. ಕೆಲಸ ನಿಂತುಹೋಯಿತು. ಒಂದೇ ಒಂದು ರೈಲೂ ಆ ದಾರಿಯಲ್ಲಿ ಓಡಲಿಲ್ಲ. ಕಾಮರ್ಸಿನ ಭಾಷೆಯಲ್ಲಿ ಹೇಳುವುದಾದರೆ ಪೂರ್ತಿ ಬಂಡವಾಳ ಮುಳುಗಿದ ಲೆಕ್ಕ.

1993ರಲ್ಲಿ ಆ ದೇಶದಲ್ಲಿ ಕೆಲಸಕ್ಕೆ ಬಾರದ ರೈಲು ದಾರಿಗಳನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಡುವ ಯೋಜನೆ ಸುರುವಾಯಿತು. ಅವುಗಳನ್ನು ‘ವಿಯಾಸ್ ವೆರ್ದೆಸ್’, ಅಂದರೆ ಹಸಿರು ದಾರಿಗಳು ಎಂದು ಕರೆಯುತ್ತಾರೆ. ಇಂದು ದೇಶದಾದ್ಯಂತ ಅವು 3,000 ಕಿಲೋಮೀಟರಿಗೂ ಹೆಚ್ಚು ಇವೆ. ನಾನು ಹೇಳಿದ ಮಾರ್ಗದಲ್ಲಿ ಓಲ್ವೆರಾ ಎಂಬ ಊರಿನಿಂದ ಪ್ವೆರ್ತೊ ಸೆರ್ರಾನೊ ತನಕದ 36 ಕಿಲೋಮೀಟರು ಹೀಗೆ ಹಸಿರು ದಾರಿಯಾಗಿದೆ. ಅದರಲ್ಲಿ 30 ಸುರಂಗಗಳು, 4 ದೊಡ್ಡ ಸೇತುವೆಗಳು. ನೆಲ ಒತ್ತಿ ಕೂಡಿಸಿದ ಗರಸು. ಓಲ್ವೆರಾದಿಂದ ಹೊರಟರೆ ದಾರಿ ಬಹುಮಟ್ಟಿಗೆ ಇಳಿಯುತ್ತ ಹೋಗುತ್ತದೆ. ಮಧ್ಯೆ ಸಾಫ್ರಮಗೋನ್ ಎಂಬ ಬಂಡೆಗುಡ್ಡ, ಅದರ ಮೇಲೆ ರಣಹದ್ದುಗಳ ದೊಡ್ಡ ನೆಲೆ. ಪ್ರಯಾಣಿಕರನ್ನೇ ಕಾಣದ ಹಳೆಯ ಸ್ಟೇಶನ್ ಕಟ್ಟಡಗಳಲ್ಲಿ ಕೆಲವು ಈಗ ಊಟದ ಮನೆ, ವಸತಿಗೃಹಗಳಾಗಿವೆ. ಜಿಲ್ಲೆಯ ಮತ್ತು ಊರುಗಳ ಆಡಳಿತದವರು ಸೇರಿ ಮಾಡಿಕೊಂಡ ಪ್ರತಿಷ್ಠಾನವೊಂದು ಇದನ್ನೆಲ್ಲ ನೋಡಿಕೊಳ್ಳುತ್ತದೆ. ಮುಳುಗಿದ ಬಂಡವಾಳದಿಂದ ಎಷ್ಟೋ ವರ್ಷಗಳ ಮೇಲೆ ಆ ಹಳ್ಳಿಗಳಿಗೆ ಒಂದಿಷ್ಟು ವರಮಾನ ಬಂತು.

ಈ ಉದಾಹರಣೆಯಲ್ಲಿ ಗಮನಿಸಬೇಕಾದ ಮುಖ್ಯ ಅಂಶವೆಂದರೆ ಆ ದಾರಿ ಯಾವ ಹಳ್ಳಿಗೂ ಇದ್ದ ಏಕೈಕ ದಾರಿಯಲ್ಲ. ಊರವರ ಬಸ್ಸು, ಲಾರಿ ಓಡಾಡಲು ಡಾಂಬರು ರಸ್ತೆ ಬೇರೆ ಇದೆ. ಆದ್ದರಿಂದ ಇದಕ್ಕೆ ಡಾಂಬರು ಹಾಕದೆ ಬಿಟ್ಟರೆ ಯಾರಿಗೂ ನಷ್ಟವಿಲ್ಲ.

ನಮ್ಮ ಕಡೆಯ ಸಂಗತಿ ಹಾಗಿಲ್ಲ. ಮುಳಶಿ ತಾಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ ಚಹಾ ಕುಡಿಯುತ್ತ ಕೂತಾಗ ನಾನು ಅಂಗಡಿಯ ಅಜ್ಜನಿಗೆ, “ನಿಮ್ಮ ದಾರಿ ಬಹಳ ಛಲೋ ಐತಿ ಬಾಬಾ, ಹಿಂಗೇ ಇರಲಿ” ಎಂಬರ್ಥದಲ್ಲಿ ನನ್ನ ಅರೆಬರೆ ಮರಾಠಿಯಲ್ಲಿ ಹೇಳಿದೆ. ಅಜ್ಜ ಸಿಟ್ಟಾಗಲಿಲ್ಲ. “ನಿನಗೆ ರವಿವಾರ ಒಂದು ದಿನ ತಮ್ಮಾ, ನಮಗೆ ಮಳೆಗಾಲ ನಾಲ್ಕು ತಿಂಗಳು. ಸೊಸೆಯನ್ನು ಬಾಣಂತನಕ್ಕೆ ಒಯ್ಯುವಾಗ ಜೀಪು ಇದೇ ಕೆಸರಿನಲ್ಲಿ ಸಿಕ್ಕಿಬಿದ್ದಿತ್ತು” ಅಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. 2000ದಲ್ಲಿ ಸುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಉದ್ದೇಶವೇ ಇಂಥ ಹಳ್ಳಿಗಳಿಗೆ ಎಲ್ಲ ಕಾಲಕ್ಕೂ ನಡೆಯುವ ರಸ್ತೆ ಕೊಡುವುದು. ಬಯಲು ಸೀಮೆಯಲ್ಲಿ 500 ಜನವಸತಿ, ಗುಡ್ಡಗಾಡಿನಲ್ಲಿ 250 ಇದ್ದರೂ ಸಾಕು ಎಂದು ನಿಯಮ ಮಾಡಿದರು. ನಮ್ಮ ಸಂತೋಷಕ್ಕಾಗಿ ಆ ರಸ್ತೆ ಬೇಡ ಅನ್ನುವುದು ನ್ಯಾಯವಲ್ಲ.

ನಾವು ಕೇಳಬಹುದಾದದ್ದು ಬೇರೆ ಇದೆ. ಊರಿನ ರಸ್ತೆಗೆ ಡಾಂಬರು ಬೀಳಲಿ. ಆದರೆ ಅದರ ಪಕ್ಕದ ಹೊಲಗಳ ನಡುವಿನ ಬಂಡಿ ದಾರಿ, ಇಲ್ಲಿಯವರು ಪಾಣಂದ ಅನ್ನುವಂಥದ್ದು, ಒತ್ತುವರಿಯಾಗದೆ ಉಳಿಯಲಿ. ಕಾಲುವೆಯ ದಂಡೆಯಲ್ಲಿ ಮೋಟಾರು ಗಾಡಿ ಓಡದಿರಲಿ. ಕಾಲುವೆಯ ವಿಷಯದಲ್ಲಿ ಇದು ಬರೀ ಹವ್ಯಾಸದ ಮಾತಲ್ಲ. ಖಡಕವಾಸಲಾದಿಂದ ಪುಣೆಯೊಳಗೆ ಹಾದು ಪೂರ್ವಕ್ಕೆ ದೌಂಡ, ಇಂದಾಪುರದತ್ತ ಹೋಗುವ ಮುಠಾ ಬಲದಂಡೆ ಕಾಲುವೆ 2018ರ ಸೆಪ್ಟೆಂಬರ್ 27ರಂದು ದಾಂಡೇಕರ ಪೂಲಿನ ಸಮೀಪ ಒಡೆದು ಬಡವರ ಮನೆಗಳಿಗೆ ನೀರು ನುಗ್ಗಿತು. ದಂಡೆ ಎಂಬುದು ಮಣ್ಣಿನ ಗೋಡೆ. ಅದರ ಮೇಲೆ ಲಾರಿಯ ಭಾರ ಬೀಳದಿರುವುದು ಎಲ್ಲರಿಗೂ ಕ್ಷೇಮ. ಸೈಕಲ್ಲಿನ ಭಾರ ಅದಕ್ಕೆ ಲೆಕ್ಕಕ್ಕಿಲ್ಲ. ಆದರೂ ದಂಡೆ ನೀರಾವರಿ ಖಾತೆಯದು, ಅಡವಿಯ ದಾರಿ ಅರಣ್ಯ ಖಾತೆಯದು. ಕೇಳಿಯೇ ಹೋಗಬೇಕು.

ಹೊರಡುವವರಿಗೆ ನಾಲ್ಕು ಮಾತು. ದುಬಾರಿ ಸೈಕಲ್ಲು ಬೇಡ. ಈಗ ಗರಸು ದಾರಿಗೆಂದೇ ಮಾರುವ ಹೊಸ ಸೈಕಲ್ಲುಗಳ ಟೈರು ಸುಮಾರು 40 ಮಿಲಿಮೀಟರು ಅಗಲ. ಹಾಲಿನವನ ಕರಿಯ ಸೈಕಲ್ಲಿನ ಇಪ್ಪತ್ತೆಂಟು–ಒಂದೂವರೆ ಟೈರಿನ ಅಗಲವೂ ಅಷ್ಟೇ. ಹವಾ ಸ್ವಲ್ಪ ಕಡಿಮೆ ಇಟ್ಟರೆ ಹರಳಿನ ಮೇಲೆ ಹಿಡಿತ ಚೆನ್ನಾಗಿರುತ್ತದೆ, ಬೆನ್ನಿಗೂ ಹಿತ. ತೀರ ಕಡಿಮೆ ಮಾಡಿದರೆ ಕಲ್ಲಿಗೆ ಬಡಿದು ಟ್ಯೂಬು ಒಡೆಯುತ್ತದೆ. ಜಾಲಿಮುಳ್ಳು ಎಲ್ಲ ಕಡೆ ಇರುವುದರಿಂದ ಪ್ಯಾಚು, ಸೊಲ್ಯೂಶನ್, ಪಂಪು ಜೊತೆಗಿರಲಿ. ಜೂನಿನಿಂದ ಸೆಪ್ಟೆಂಬರ್ ತನಕ ಗರಸು ಕೆಸರಾಗಿ ಮಡ್‌ಗಾರ್ಡಿನಲ್ಲಿ ತುಂಬಿಕೊಳ್ಳುತ್ತದೆ. ದೀಪಾವಳಿಯಿಂದ ಶಿವರಾತ್ರಿಯವರೆಗೆ ಒಳ್ಳೆಯ ಕಾಲ. ದನದ ಹಿಂಡು ಎದುರಾದರೆ ಗಂಟೆ ಬಾರಿಸಬೇಡಿ, ಇಳಿದು ನಿಲ್ಲಿ. ನೀರು, ಚಹಾ, ಭಾಕರಿ ಏನು ಬೇಕಾದರೂ ಆ ಹಳ್ಳಿಯಲ್ಲೇ ದುಡ್ಡು ಕೊಟ್ಟು ಕೊಳ್ಳಿ. ತಮ್ಮ ಬಂಡಿ ದಾರಿಯಿಂದ ಊರಿಗೆ ನಾಲ್ಕು ಕಾಸು ಬರುತ್ತದೆ ಎಂದು ಗೊತ್ತಾದರೆ ಅದನ್ನು ಉಳಿಸಿಕೊಳ್ಳುವ ಮನಸ್ಸು ಊರವರಿಗೇ ಬರುತ್ತದೆ. ನಾವು ಹೇಳಿಕೊಡಬೇಕಾಗಿಲ್ಲ.