ಖರ್ಜೂರದ ಮರದ ಕೆಳಗಿನ ನ್ಯಾಯಾಸನ

ಸ್ವಾರಗೇಟಿನಿಂದ ಕ್ಯಾಂಪಿನ ಕಡೆಗೆ ಹೋಗಿಬರುವ ನಮ್ಮ ಬಂಧುಗಳು ಕೆಂಪಿಟ್ಟಿಗೆಯ, ಎತ್ತರವಾದ ಗೋಪುರವುಳ್ಳ ಒಂದು ಕಟ್ಟಡವನ್ನು ಕಂಡಿರಬಹುದು. ಊರವರು ಅದನ್ನು ‘ಲಾಲ್ ದೇವಳ’ವೆಂದು ಕರೆಯುವರು. ಅನೇಕರು ಅದನ್ನು ಇಗರ್ಜಿಯೆಂದೇ ಎಣಿಸಿರುವರು. ವಾಸ್ತವವಾಗಿ ಅದು ಯೆಹೂದ್ಯರ ಪ್ರಾರ್ಥನಾಮಂದಿರ. ಬಾಗ್ದಾದಿನಿಂದ ಬಂದು ಮುಂಬಯಿಯಲ್ಲಿ ನೆಲಸಿದ ವರ್ತಕ ಡೇವಿಡ್ ಸಸೂನರ ದ್ರವ್ಯದಿಂದ ಅದು 1867ರಲ್ಲಿ ಪೂರ್ಣಗೊಂಡಿತು. ಅವರೂ ನಮ್ಮಂತೆಯೇ ಹೊಟ್ಟೆಯ ಪಾಡಿಗಾಗಿಯೂ ಬಾಳಿನ ಭದ್ರತೆಗಾಗಿಯೂ ಊರು ಬಿಟ್ಟು ಬಂದವರು. ಹೋದಲ್ಲೆಲ್ಲ ತಮ್ಮ ಧರ್ಮಗ್ರಂಥವನ್ನು ಕೊಂಡೊಯ್ದವರು.

ಆ ಗ್ರಂಥದಲ್ಲಿ ‘ನ್ಯಾಯಸ್ಥಾಪಕರು’ ಎಂಬ ಭಾಗವೊಂದುಂಟು. ಅದರ ಎರಡು ಅಧ್ಯಾಯಗಳಲ್ಲಿ ದೆಬೋರಳೆಂಬ ಸ್ತ್ರೀಯ ವೃತ್ತಾಂತವಿದೆ. ಪರಮತದ ಪುಸ್ತಕವೆಂದು ಯಾರೂ ಮೂಗು ಮುರಿಯಬೇಕಾದುದಿಲ್ಲ. ಒಳ್ಳೆಯ ಸರಕು ಯಾವ ಪೇಟೆಯಲ್ಲಿ ದೊರೆತರೂ ಕೊಳ್ಳುವ ಜನ ನಾವು.

ಇಸ್ರಾಯೇಲರು ಹಾಚೋರಿನ ಅರಸನಾದ ಯಾಬೀನನ ಕೈಯಲ್ಲಿ ಇಪ್ಪತ್ತು ವರ್ಷ ನರಳಿದರು. ಅವನ ಸೇನಾಪತಿ ಸೀಸೆರನಲ್ಲಿ 900 ಕಬ್ಬಿಣದ ರಥಗಳಿದ್ದವು. ಇವರಲ್ಲಾದರೋ ಈಟಿ ಗುರಾಣಿಗಳಿಗೂ ಕೊರತೆ. ಇಂತಹ ಕಾಲದಲ್ಲಿ ಎಫ್ರಾಯೀಮಿನ ಬೆಟ್ಟದ ನಾಡಿನಲ್ಲಿ, ರಾಮಕ್ಕೂ ಬೇತೇಲಿಗೂ ನಡುವೆ, ಒಂದು ಖರ್ಜೂರದ ಮರದ ಕೆಳಗೆ ದೆಬೋರಳು ಕುಳಿತುಕೊಳ್ಳುತ್ತಿದ್ದಳು. ಜನರು ತಮ್ಮ ತಂಟೆ ತಕರಾರುಗಳನ್ನು ಅವಳ ಬಳಿಗೆ ತರುತ್ತಿದ್ದರು. ಆಕೆಗೆ ಅರಮನೆಯಿರಲಿಲ್ಲ, ಕಾವಲುಗಾರರಿರಲಿಲ್ಲ. ಮಾತು ಸತ್ಯವೆಂಬ ನಂಬಿಕೆಯೊಂದೇ ಜನರನ್ನು ಆ ಮರದಡಿಗೆ ಎಳೆದು ತಂದಿತ್ತೆಂದು ನಾವು ತಿಳಿಯುತ್ತೇವೆ.

ಆಕೆ ಬಾರಾಕನೆಂಬವನನ್ನು ಕರೆಸಿ, ಹತ್ತು ಸಾವಿರ ಜನರೊಡನೆ ತಾಬೋರ್ ಬೆಟ್ಟಕ್ಕೆ ಹೋಗಬೇಕೆಂಬ ದೈವಾಜ್ಞೆಯನ್ನು ತಿಳಿಸಿದಳು. ಅವನು, ನೀನು ಜೊತೆಗೆ ಬಂದರೆ ಹೋಗುವೆನು, ಇಲ್ಲವಾದರೆ ಹೋಗೆನು ಎಂದುಬಿಟ್ಟನು. ಇದರಿಂದಾಗಿ ಬಾರಾಕನನ್ನು ಹೇಡಿಯೆಂದು ಬೋಧಕರನೇಕರು ಹಳಿದಿರುವರು. ನಮಗೆ ಹಾಗೆ ತೋರುವುದಿಲ್ಲ. ಎದುರಿಗೆ 900 ರಥಗಳಿರುವಾಗ, ಹೋಗೆಂದು ಹೇಳುವವರು ಜೊತೆಗೂ ಬರಲಿ ಎಂದು ಕೇಳುವುದು ಅಪರಾಧವೇ? ದೆಬೋರಳು ಅವನನ್ನು ಜರೆಯಲಿಲ್ಲ. ಗೆಲುವಿನ ಕೀರ್ತಿ ಮಾತ್ರ ನಿನಗೆ ಸಲ್ಲದು, ಒಬ್ಬ ಸ್ತ್ರೀಗೆ ಸಲ್ಲುವುದು ಎಂದು ನೇರವಾಗಿ ತಿಳಿಸಿ, ಎದ್ದು ಅವನೊಡನೆ ಹೊರಟಳು. ಅಪ್ಪಣೆ ಕೊಡುವುದು ಸುಲಭ; ಗಲ್ಲೆಯ ಹಿಂದೆ ಅನೇಕ ವರ್ಷ ಕುಳಿತ ನಾವು ಅದನ್ನು ಬಲ್ಲೆವು. ಒಲೆಯ ಮುಂದೆ ಭಟ್ಟರೊಡನೆ ತಾನೂ ನಿಲ್ಲುವ ಮಾಲಿಕನ ಮಾತಿಗೆ ಬೇರೆಯೇ ತೂಕವುಂಟು.

ಯುದ್ಧದ ದಿನ ಕೀಷೋನ್ ಹೊಳೆ ಉಕ್ಕಿ ಶತ್ರುಗಳನ್ನು ಕೊಚ್ಚಿಕೊಂಡು ಹೋಯಿತೆಂದು ದೆಬೋರಳ ವಿಜಯಗೀತೆಯಲ್ಲಿದೆ. ಆಷಾಢದಲ್ಲಿ ನಮ್ಮ ಕರಾವಳಿಯ ಗದ್ದೆಗಳನ್ನು ಕಂಡವರು ಕೆಸರಿನಲ್ಲಿ ಕಬ್ಬಿಣದ ಗಾಲಿಗಳ ಗತಿಯೇನಾಯಿತೆಂಬುದನ್ನು ಊಹಿಸಿಕೊಳ್ಳಬಲ್ಲರು. ಕಾಲ್ನಡೆಯಿಂದ ಓಡಿಹೋದ ಸೀಸೆರನನ್ನು ಯಾಯೇಲಳೆಂಬವಳು ಗುಡಾರಕ್ಕೆ ಕರೆದು, ನೀರು ಬೇಡಿದವನಿಗೆ ಹಾಲು ಕೊಟ್ಟು ಮಲಗಿಸಿ, ಗುಡಾರದ ಗೂಟವನ್ನೇ ತಲೆಗೆ ಹೊಡೆದು ಕೊಂದಳು. ಅತಿಥಿಗೆ ಹಾಲೆರೆದು ಕೊಂದ ಈ ಕೃತ್ಯವು ಅನ್ನೋದಕದ ವೃತ್ತಿಯವರಾದ ನಮಗೆ ಅಷ್ಟಾಗಿ ರುಚಿಸದೆಂಬುದನ್ನು ಮರೆಮಾಚಲಾರೆವು.

ನಮ್ಮ ಮನಸ್ಸಿಗೆ ಅಧಿಕವಾಗಿ ನಾಟಿದ್ದು ಆ ಗೀತೆಯ ಇನ್ನೊಂದು ಭಾಗ. ದೆಬೋರಳು ಬಂದವರ ಹೆಸರುಗಳನ್ನಷ್ಟೇ ಅಲ್ಲ, ಬಾರದವರ ಹೆಸರುಗಳನ್ನೂ ಹಾಡಿರುವಳು. ರೂಬೇನಿನ ಕುಲದವರು ಬಹಳವಾಗಿ ಆಲೋಚಿಸಿದರು, ಆದರೆ ಕುರಿಹಟ್ಟಿಗಳ ನಡುವೆಯೇ ಉಳಿದರು. ದಾನ್ ಕುಲದವರು ಹಡಗುಗಳನ್ನು ಬಿಡಲಿಲ್ಲ. ಆಶೇರಿನವರು ಸಮುದ್ರತೀರದಲ್ಲಿ ಸುಮ್ಮನೆ ಕುಳಿತರು. ನಮ್ಮ ಸಂಘಗಳ ವಾರ್ಷಿಕ ಸಭೆಗಳಲ್ಲಿ ಠರಾವುಗಳಿಗೆ ಎಂದೂ ಬರಗಾಲವಿಲ್ಲ. ಆದರೆ ಒಬ್ಬ ಕ್ಲೀನರ್ ಹುಡುಗನ ಮೂರು ತಿಂಗಳ ಸಂಬಳ ನಿಂತಾಗ, ಅವನೊಡನೆ ಮಾಲಿಕನ ಬಾಗಿಲಿನವರೆಗೆ ಹೋಗುವವರು ಎಷ್ಟು ಮಂದಿ? ಅರ್ಜಿಯನ್ನು ಸೊಗಸಾಗಿ ಬರೆದುಕೊಡುವ ಗುಮಾಸ್ತ ಬಂಧುಗಳು ಅಂದು ಆಫೀಸಿನ ಕೆಲಸದ ನೆವ ಹೇಳುವುದನ್ನು ನಾವು ಕಂಡಿರುವೆವು. ನಾಳೆ ಅದೇ ಮಾಲಿಕನ ಅಂಗಡಿಯಲ್ಲಿ ಚಹಾ ಕುಡಿಯಬೇಕಲ್ಲ ಎಂಬ ದಾಕ್ಷಿಣ್ಯವೂ ಉಂಟು.

ಈ ಕಥೆಯನ್ನು ಮೂಲ ಹೀಬ್ರೂ ಭಾಷೆಯಲ್ಲಿಯೇ ಓದಿ ಮರಾಠಿಗೆ ತಂದ ಮಹಿಳೆ ಹುಟ್ಟಿದ್ದು ನಮ್ಮ ಘಟ್ಟದಲ್ಲಿ ಎಂಬುದನ್ನು ವಾಚಕರು ತಿಳಿದಿರುವರೇ? ಪಂಡಿತಾ ರಮಾಬಾಯಿಯವರು 1858ರ ಎಪ್ರಿಲ್ 23ರಂದು ಗಂಗಾಮೂಲದ ಕಾಡಿನಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಕಡೆಯ ಮಾಳದವರು, ಮನೆಮಾತು ಮರಾಠಿ. ಶಾಸ್ತ್ರಿಗಳು ತರುಣರಾಗಿದ್ದಾಗ ಇದೇ ಪುಣೆಯಲ್ಲಿ ಓದುತ್ತಿದ್ದರು. ಪೇಶ್ವೆಯ ರಾಣಿಯು ಸಂಸ್ಕೃತ ಕಲಿಯುತ್ತಿರುವುದನ್ನು ಅರಿತು, ತಮ್ಮ ಹೆಂಡತಿಗೂ ಕಲಿಸಲು ನಿಶ್ಚಯಿಸಿದರು. ಊರಲ್ಲಿ ವಿರೋಧ ಎದ್ದುದರಿಂದ ಉಡುಪಿಯ ಪಂಡಿತರ ಮುಂದೆ ಶಾಸ್ತ್ರಾಧಾರಗಳಿಂದ ಸಮರ್ಥಿಸಿಕೊಂಡು, ಕೊನೆಗೆ ಕಾಡು ಸೇರಿದರು. ಮಗಳಿಗೆ ಸಂಸ್ಕೃತ ಕಲಿಸಿದವಳು ಆ ತಾಯಿಯೇ.

ತಂದೆತಾಯಿಗಳನ್ನು ಬರಗಾಲದಲ್ಲಿ ಕಳೆದುಕೊಂಡು, ಅಣ್ಣನೊಡನೆ ದೇಶವೆಲ್ಲ ನಡೆದು, 1878ರಲ್ಲಿ ಕಲಕತ್ತೆಯ ವಿದ್ವಾಂಸರಿಂದ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಪಡೆದ ಈಕೆ 1882ರಲ್ಲಿ ವಿಧವೆಯಾಗಿ ಕೈಗೂಸಿನೊಡನೆ ಪುಣೆಗೆ ಬಂದರು. ಮರುವರ್ಷ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. ವಿಧವೆಯರಿಗಾಗಿ 1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನವು ಮುಂದಿನ ವರ್ಷ ಪುಣೆಗೆ ಬಂತು. ಹುಡುಗಿಯರ ಮತದ ಪ್ರಶ್ನೆಯೆದ್ದು 1893ರಲ್ಲಿ ರಾನಡೆ, ಭಾಂಡಾರಕರರಂತಹ ಹಿತೈಷಿಗಳೂ ದೂರ ಸರಿದರು. ಆ ವಿವಾದದಲ್ಲಿ ವಾಚಕರು ಯಾವ ಪಕ್ಷವನ್ನಾದರೂ ಹಿಡಿಯಲಿ. ಆದರೆ 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತಕ್ಕೆ ಸ್ವತಃ ಹೋಗಿ, ಹಸಿವಿನಿಂದ ಸಾಯುತ್ತಿದ್ದ ಹೆಣ್ಣುಮಕ್ಕಳನ್ನು ಕರೆತಂದವರು ಅವರೇ. ಪುಣೆಯಲ್ಲಿ ಪ್ಲೇಗು ಹಬ್ಬಿದ್ದಾಗ ಆ ಮಕ್ಕಳನ್ನೆಲ್ಲ ಕೇಡಗಾವಿನ ಬಯಲಿಗೆ ಸಾಗಿಸಿ ಬಾವಿ ತೋಡಿಸಿದರು. ನೇಯ್ಗೆ, ಎಣ್ಣೆಗಾಣ, ಅಚ್ಚುಕೆಲಸಗಳನ್ನು ಕಲಿಸಿದರು. 1900ರ ಹೊತ್ತಿಗೆ ಅಲ್ಲಿ ಸಾವಿರಕ್ಕೂ ಮಿಕ್ಕಿ ಸ್ತ್ರೀಯರೂ ಮಕ್ಕಳೂ ಇದ್ದರು.

ಅಷ್ಟು ಜನರ ಊಟದ ಚಿಂತೆಯ ನಡುವೆ ಅವರು ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ಸಾಮಾನ್ಯ ಹೆಂಗಸರಿಗೆ ತಿಳಿಯುವಂತಹ ಮರಾಠಿಯಲ್ಲಿ ಬೈಬಲನ್ನು ಬರೆದರು. 1921ರಲ್ಲಿ ಮಗಳು ಮನೋರಮೆ ತೀರಿಕೊಂಡಳು. 1922ರ ಎಪ್ರಿಲ್ 5ರಂದು ತಾಯಿಯೂ ಹೋದರು. ಸಂಪೂರ್ಣ ಗ್ರಂಥವು 1924ರಲ್ಲಿ ಹೊರಬಂತು. ಅದನ್ನು ಅಚ್ಚು ಹಾಕಿದ್ದು ಕೇಡಗಾವಿನ ಆಶ್ರಮದ ಮುದ್ರಣಾಲಯದಲ್ಲಿಯೇ, ಅಲ್ಲಿನ ಸ್ತ್ರೀಯರ ಕೈಯಿಂದಲೇ. ಸೋಲಾಪುರದ ಮಾರ್ಗದಲ್ಲಿ ಪುಣೆಯಿಂದ ಸುಮಾರು 60 ಕಿಲೋಮೀಟರ್ ದೂರವಿರುವ ಆ ಸಂಸ್ಥೆ ಇಂದಿಗೂ ನಡೆಯುತ್ತಿದೆ. ದೌಂಡಿನ ಕಡೆಗೆ ಹೋಗುವ ಗಾಡಿ ಹಿಡಿದರೆ ವಾರದ ರಜೆಯ ಒಂದು ದಿನದಲ್ಲಿ ಹೋಗಿಬರಬಹುದು.