ಡಾಕ್ಟರಿಗೆ ಮಗು ಕಾಣಬೇಕಾದರೆ

ಮಗುವಿನ ಮೈಮೇಲೆ ಕೆಂಪು ಗುಳ್ಳೆ ಎದ್ದಿವೆ. ಆಸ್ಪತ್ರೆ ದೂರ. ಬೆಳಗಿನ ಬಸ್ಸು ಹೋಗಿಬಿಟ್ಟಿದೆ. ಈಗ ಏನು ಮಾಡೋಣ?

ಮೊಬೈಲಿನಲ್ಲೇ ಡಾಕ್ಟರನ್ನು ಕಾಣಬಹುದು. ಇದಕ್ಕೆ ಸರ್ಕಾರದ ಇ-ಸಂಜೀವಿನಿ ಸೇವೆ ಇದೆ. ಮನೆಯಿಂದಲೇ ಡಾಕ್ಟರ ಹತ್ತಿರ ಮಾತಾಡುವ ಅನುಕೂಲ 2020ರ ಏಪ್ರಿಲ್ ತಿಂಗಳಲ್ಲಿ ಬಂತು. ಇದಕ್ಕೆ ದುಡ್ಡು ಕೊಡಬೇಕಿಲ್ಲ.

ಆದರೆ ನಮಗೆ ಒಂದು ತೊಂದರೆ ಆಗುತ್ತದೆ. ಡಾಕ್ಟರ ಮುಖ ಪರದೆ ಮೇಲೆ ಬರುತ್ತದೆ. ಬಂದದ್ದು ಅಲ್ಲೇ ನಿಂತುಬಿಡುತ್ತದೆ. ಮಾತು ತುಂಡು ತುಂಡಾಗುತ್ತದೆ. ಗುಳ್ಳೆ ತೋರಿಸುವ ಮೊದಲೇ ಕರೆ ಕಟ್ ಆಗುತ್ತದೆ. ಗುಳ್ಳೆ ಹೇಗಿದೆ ಅಂತ ಬರೀ ಬಾಯಲ್ಲಿ ಹೇಳಕ್ಕಾಗುತ್ತಾ? ಡಾಕ್ಟರು ಕಣ್ಣಿಂದ ನೋಡಬೇಕು.

ಹೀಗೆ ಯಾಕೆ ಆಗುತ್ತದೆ?

ನಮಗೆಲ್ಲ ಕಾಲುವೆ ಗೊತ್ತು. ಮೇಲಿನ ಹೊಲದವರೆಲ್ಲ ನೀರು ತಿರುಗಿಸಿಕೊಂಡರೆ ಕೊನೆಯ ಹೊಲ ಒಣಗುತ್ತದೆ. ಮೊಬೈಲಿನ ನೆಟ್ಟೂ ಹಾಗೇ. ಮಾತಿಗೆ ಸ್ವಲ್ಪ ನೆಟ್ ಸಾಕು. ಚಿತ್ರಕ್ಕೆ ತುಂಬಾ ಬೇಕು. ಅದೇ ಹೊತ್ತಿಗೆ ಫೋನಿನಲ್ಲಿ ಸಿನಿಮಾ ಇಳಿಯುತ್ತಿದ್ದರೆ ಡಾಕ್ಟರ ಕರೆಗೆ ಏನು ಉಳಿಯುತ್ತದೆ?

ಅದಕ್ಕೆ ಕರೆ ಮಾಡುವ ಮೊದಲೇ ಐದು ಕೆಲಸ ಮಾಡೋಣ.

1. ಫೋನಿನ ಮೇಲ್ತುದಿಯ ಸಣ್ಣ ಅಕ್ಷರ ಓದೋಣ. 4ಜಿ ಅಥವಾ 5ಜಿ ಅಂತ ಇದ್ದರೆ ಒಳ್ಳೆಯದು. ಇಂಗ್ಲಿಷಿನ 'ಇ' ಅಕ್ಷರ ಇದ್ದರೆ ಅದು ಹಳೇ 2ಜಿ. ಅದರಲ್ಲಿ ಚಿತ್ರ ಓಡೋದಿಲ್ಲ. ಆಗ ಕಿಟಕಿ ಹತ್ತಿರ, ಅಂಗಳಕ್ಕೆ ಇಲ್ಲವೇ ಮಾಳಿಗೆಗೆ ಹೋಗಿ ನೋಡೋಣ.

2. ವಿಮಾನದ ಚಿತ್ರ ಒತ್ತೋಣ. ಹತ್ತು ಎಣಿಸಿ ಮತ್ತೆ ಒತ್ತೋಣ. ಫೋನು ಸಿಗ್ನಲ್ಲನ್ನು ಹೊಸದಾಗಿ ಹುಡುಕಿಕೊಳ್ಳುತ್ತದೆ.

3. ಹಾಟ್‌ಸ್ಪಾಟ್ ಆರಿಸೋಣ. ಅದು ಬೇರೆ ಫೋನಿಗೆ ನಮ್ಮ ನೆಟ್ ಹಂಚುತ್ತದೆ.

4. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಂತ ಇರುತ್ತದೆ. ಹೆಚ್ಚಿನ ಫೋನುಗಳಲ್ಲಿ ಅದರೊಳಗೆ ಡೇಟಾ ಸೇವರ್ ಇದೆ. ಅದನ್ನು ಹಾಕೋಣ. ಆಗ ಹಿಂದೆ ಕದ್ದು ನೆಟ್ ಕುಡಿಯುವ ಆ್ಯಪ್‌ಗಳು ತೆಪ್ಪಗಿರುತ್ತವೆ. ಕಣ್ಣೆದುರಿನ ಕರೆಗೆ ನೆಟ್ ಸಿಗುತ್ತದೆ.

5. ಇವತ್ತಿನ ಡೇಟಾ ಎಷ್ಟು ಉಳಿದಿದೆ ನೋಡೋಣ. ಇದು ಮುಖ್ಯ. ದಿನಕ್ಕೆ ಇಷ್ಟು ಅಂತ ಡೇಟಾ ಕೊಡುವ ಹಲವು ರೀಚಾರ್ಜ್‌ಗಳಲ್ಲಿ ಡೇಟಾ ಮುಗಿದರೂ ನೆಟ್ ಪೂರ್ತಿ ನಿಲ್ಲೋದಿಲ್ಲ. ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಕೆಬಿಪಿಎಸ್ ಅಂದರೆ ವೇಗದ ಅಳತೆ. ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ವೇಗ ಬೇಕು ಅಂತ ಸರ್ಕಾರ 2023ರಲ್ಲಿ ಗೊತ್ತುಮಾಡಿತು. 64 ಕೆಬಿಪಿಎಸ್ ಅದರ ಸುಮಾರು ಮೂವತ್ತನೇ ಒಂದು ಪಾಲು. ಬೆಳಿಗ್ಗೆಯೆಲ್ಲ ವಿಡಿಯೋ ನೋಡಿ ಡೇಟಾ ಮುಗಿಸಿದರೆ, ಮಧ್ಯಾಹ್ನ ಡಾಕ್ಟರು ಕಾಣೋದಿಲ್ಲ.

ಇಷ್ಟು ಮಾಡಿಯೂ ಚಿತ್ರ ನಿಂತರೆ ಗಾಬರಿ ಬೇಡ. ಮೊದಲು ಗುಳ್ಳೆ ತೋರಿಸೋಣ. ಆಮೇಲೆ ಕ್ಯಾಮೆರಾ ಆರಿಸಿ ಮಾತಾಡೋಣ. ಮಾತಾದರೂ ಸರಿಯಾಗಿ ಕೇಳುತ್ತದೆ.

ಒಂದು ಎಚ್ಚರಿಕೆ. ಉಸಿರಾಟಕ್ಕೆ ಕಷ್ಟ, ಹಾವು ಕಡಿತ, ಎದೆನೋವು ಇಂಥದ್ದಕ್ಕೆ ವಿಡಿಯೋ ಕರೆ ನಂಬಿ ಕೂರಬಾರದು. ಕೂಡಲೇ 108ಕ್ಕೆ ಫೋನ್ ಮಾಡಬೇಕು.

ಮನೆಯ ಮಕ್ಕಳು ಇದನ್ನೆಲ್ಲ ಮಾಡಿಕೊಡುತ್ತಾರೆ, ನಿಜ. ಆದರೆ ಅವರು ಶಾಲೆಗೆ ಹೋದಾಗ? ನಮ್ಮ ಬೆರಳಿಂದ ನಾವೇ ಒತ್ತಿ ಕಲಿಯೋಣ. ಮಗು ಚೆನ್ನಾಗಿರುವ ಇವತ್ತೇ ಪಕ್ಕದ ಮನೆಯ ಅಕ್ಕನಿಗೆ ಒಂದು ವಿಡಿಯೋ ಕರೆ ಮಾಡಿ ನೋಡೋಣ.